ಮುಳ್ಳು ಹೇಳುವ ಸುಳ್ಳು: ಹಳೆಯ ಕ್ಯಾಮೆರಾದ ಲೈಟ್ ಮೀಟರಿಗೆ ಇಂದಿನ ಬ್ಯಾಟರಿ ಹಾಕಿದಾಗ

ಸತ್ತ ಮೀಟರ್ ಅಪಾಯಕಾರಿಯಲ್ಲ. ಮುಳ್ಳು ಅಲುಗಾಡದಿದ್ದರೆ ಅದನ್ನು ಯಾರೂ ನಂಬುವುದಿಲ್ಲ. ಮೊಬೈಲಿನಲ್ಲಿ ಬೆಳಕು ಅಳೆದುಕೊಂಡೋ ಅಂದಾಜಿನ ಮೇಲೋ ಚಿತ್ರ ತೆಗೆಯುತ್ತಾರೆ. ಅಪಾಯ ಇರುವುದು ಚೆನ್ನಾಗಿ ಕೆಲಸ ಮಾಡುತ್ತಿರುವಂತೆ ಕಾಣುವ ಮೀಟರಿನಲ್ಲಿ. ಹೊಸ ಸೆಲ್ ಹಾಕಿದ ಕೂಡಲೇ ಮುಳ್ಳು ಚುರುಕಾಗಿ ಏಳುತ್ತದೆ. ಬ್ಯಾಟರಿ ಪರೀಕ್ಷೆಯ ಗುಂಡಿ ಒತ್ತಿದರೆ ಗುರುತು ದಾಟಿ ನಿಲ್ಲುತ್ತದೆ. ಲೆನ್ಸಿಗೆ ಕೈ ಅಡ್ಡ ಹಿಡಿದರೆ ವಿನಯದಿಂದ ಇಳಿಯುತ್ತದೆ. ಫಿಲ್ಮ್ ತೊಳೆದು ನೋಡಿದರೆ ಬಿಸಿಲಿನಲ್ಲಿ ತೆಗೆದ ನೆಗೆಟಿವ್‌ಗಳೆಲ್ಲ ತೆಳು, ನೆರಳಿನ ಭಾಗದಲ್ಲಿ ವಿವರವೇ ಇಲ್ಲ. ಕೋಣೆಯೊಳಗೆ ತೆಗೆದವು ಮಾತ್ರ ಪರವಾಗಿಲ್ಲ.

ಇಂಥ ಕ್ಯಾಮೆರಾ ಕೈಗೆ ಬಂದವರು ಸಾಮಾನ್ಯವಾಗಿ ಎರಡರಲ್ಲಿ ಒಂದು ಮಾಡುತ್ತಾರೆ: ಬ್ಯಾಟರಿಯನ್ನು ಬೈಯುತ್ತಾರೆ, ಇಲ್ಲವೇ ‘ಮೀಟರ್ ಹಳೆಯದಾಯಿತು’ ಎಂದು ಕೈಬಿಡುತ್ತಾರೆ. ಎರಡೂ ಅವಸರದ ತೀರ್ಪುಗಳು. ಮೀಟರ್ ಎಷ್ಟು ತಪ್ಪುತ್ತಿದೆ ಎಂಬುದಕ್ಕಿಂತ ಯಾವ ಬೆಳಕಿನಲ್ಲಿ, ಯಾವ ಕಡೆಗೆ ತಪ್ಪುತ್ತಿದೆ ಎಂಬುದು ಮುಖ್ಯ. ಅದನ್ನು ನೋಡಿದರೆ ದೋಷ ಸೆಲ್ಲಿನದೋ, ಸಂಪರ್ಕದ್ದೋ, ಬೆಳಕು ನೋಡುವ ಕಣ್ಣಿನದೋ ಎಂಬುದು ಕ್ಯಾಮೆರಾ ಬಿಚ್ಚುವ ಮೊದಲೇ ಬಹುಪಾಲು ತಿಳಿಯುತ್ತದೆ. ಹೊಸ ಸೆಲ್ಲನ್ನು ಹಳೆಯ ಕ್ಯಾಮೆರಾಗೆ ಹೊಂದಿಸುವ ಅಡಾಪ್ಟರ್ ಕೊಳ್ಳುವುದು ಆಮೇಲಿನ ಮಾತು.

ಬೇಕಾಗುವ ಸಾಮಾನು ಹೆಚ್ಚಿಲ್ಲ. ಒಂದು ಡಿಜಿಟಲ್ ಮಲ್ಟಿಮೀಟರ್, ಹೋಲಿಸಿ ನೋಡಲು ನಂಬಬಹುದಾದ ಡಿಜಿಟಲ್ ಕ್ಯಾಮೆರಾ, ಹೊಸ ಎಸ್‌ಆರ್44 ಸಿಲ್ವರ್ ಆಕ್ಸೈಡ್ ಸೆಲ್ ಒಂದು, ಶ್ರವಣ ಸಾಧನಕ್ಕೆ ಹಾಕುವ 675 ಜಿಂಕ್-ಏರ್ ಸೆಲ್ ಒಂದು, 12 ಕಿಲೋ ಓಮ್‌ನ ಮತ್ತು 100 ಕಿಲೋ ಓಮ್‌ನ ತಲಾ ಒಂದು ರೆಸಿಸ್ಟರ್, ಪೆನ್ಸಿಲ್ ಅಳಿಸುವ ರಬ್ಬರ್, ಹತ್ತಿಯ ಕಡ್ಡಿ.

ನಿಮ್ಮ ಮೀಟರಿಗೆ ಬ್ಯಾಟರಿ ಬೇಕೇ?

ನಗಬೇಡಿ. ಲೆನ್ಸಿನ ಸುತ್ತ ಅಥವಾ ಕ್ಯಾಮೆರಾದ ಹಣೆಯ ಮೇಲೆ ಜೇನುಗೂಡಿನಂಥ ಉಬ್ಬುಗಳಿರುವ ಗಾಜಿದ್ದರೆ ಅದು ಸೆಲೆನಿಯಂ ಮೀಟರ್. ಬೆಳಕಿನಿಂದಲೇ ವಿದ್ಯುತ್ ಹುಟ್ಟಿಸಿಕೊಳ್ಳುತ್ತದೆ. ಒಲಿಂಪಸ್ ಟ್ರಿಪ್ 35, ವೆಸ್ಟನ್ ಮಾಸ್ಟರ್ ಕೈಮೀಟರ್‌ಗಳು ಈ ಜಾತಿಯವು. ಇವುಗಳಲ್ಲಿ ಬ್ಯಾಟರಿ ಕೋಣೆಯನ್ನು ಹುಡುಕುತ್ತ ತಳದ ಸ್ಕ್ರೂ ಬಿಚ್ಚಿದವರನ್ನು ನಾನು ಬಲ್ಲೆ. ಸೆಲೆನಿಯಂ ಸೋತರೆ ಯಾವ ಸೆಲ್ಲೂ ಅದನ್ನು ಎಬ್ಬಿಸುವುದಿಲ್ಲ.

ಈ ಬರಹ 1960 ಮತ್ತು 70ರ ದಶಕಗಳ ಕ್ಯಾಡ್ಮಿಯಂ ಸಲ್ಫೈಡ್ ಕಣ್ಣಿನ ಮೀಟರುಗಳ ಕುರಿತದ್ದು. ಮಿನೋಲ್ಟಾ ಎಸ್‌ಆರ್‌ಟಿ 101, ಕ್ಯಾನನ್ ಎಫ್‌ಟಿಬಿ, ಕ್ಯಾನನೆಟ್ ಕ್ಯೂಎಲ್17, ನಿಕ್ಕಾರ್ಮ್ಯಾಟ್ ಎಫ್‌ಟಿಎನ್, ರೋಲೈ 35, ಲೈಕಾ ಎಂ5 ಎಲ್ಲವೂ ಪಿಎಕ್ಸ್625 ಎಂಬ ಪಾದರಸದ ಸೆಲ್ ತಿಂದು ಬದುಕಿದವು. ಗಾಸನ್ ಲೂನಾಸಿಕ್ಸ್ 3 ಕೈಮೀಟರಿಗೆ ಅಂಥ ಎರಡು ಬೇಕಿತ್ತು.

ಪಾದರಸದ ಸೆಲ್ ಕೊಡುತ್ತಿದ್ದದ್ದು

ಅದು ಕೊಡುತ್ತಿದ್ದದ್ದು 1.35 ವೋಲ್ಟ್; ಹೊಸದಿದ್ದಾಗಲೂ ಅಷ್ಟೇ, ತಿಂಗಳುಗಟ್ಟಲೆ ಬಳಸಿದ ಮೇಲೂ ಅಷ್ಟೇ, ಮುಗಿಯುವ ದಿನ ಮಾತ್ರ ಥಟ್ಟನೆ ಕುಸಿತ. ಕ್ಯಾಮೆರಾ ತಯಾರಕರಿಗೆ ಇದು ವರದಾನವಾಗಿತ್ತು. ವೋಲ್ಟೇಜನ್ನು ಸ್ಥಿರವಾಗಿಡುವ ವಿದ್ಯುತ್ ಮಂಡಲವನ್ನೇ ಅವರು ಹಾಕಲಿಲ್ಲ, ಸೆಲ್ಲೇ ಅಳತೆಗೋಲು. ಆಮೇಲೆ ಪಾದರಸದ ವಿಷದ ಲೆಕ್ಕ ಮೇಲೆ ಬಂತು. ಅಮೆರಿಕದಲ್ಲಿ 1996ರ ಕಾನೂನು ಮರ್ಕ್ಯುರಿಕ್ ಆಕ್ಸೈಡ್ ಬಟನ್ ಸೆಲ್‌ಗಳ ಮಾರಾಟವನ್ನು ನಿಲ್ಲಿಸಿತು, ಯುರೋಪ್ ಅದೇ ದಾರಿ ಹಿಡಿಯಿತು, 2013ರ ಮಿನಮಾಟಾ ಒಪ್ಪಂದ ಉಳಿದ ಜಗತ್ತನ್ನೂ ಸೇರಿಸಿಕೊಂಡಿತು. ಅಳತೆಗೋಲು ಹೋಯಿತು, ಅಳೆಯುವ ಯಂತ್ರಗಳು ಉಳಿದವು.

ಹಳೆಯ ಕ್ಯಾಮೆರಾದೊಳಗೆ ಪಾದರಸದ ಸೆಲ್ ಇನ್ನೂ ಕುಳಿತಿದ್ದರೆ ಅದನ್ನು ಒಡೆಯಬೇಡಿ, ಕಸದ ಬುಟ್ಟಿಗೂ ಹಾಕಬೇಡಿ. ಡಬ್ಬಿಯಲ್ಲಿ ಮುಚ್ಚಿಟ್ಟು ಇ-ತ್ಯಾಜ್ಯ ಸಂಗ್ರಹಿಸುವವರಿಗೆ ಕೊಡಿ.

ಇಂದು ಸಿಗುವ ಸೆಲ್‌ಗಳ ಹೆಸರಿನಲ್ಲೇ ಅವುಗಳ ಕುಲ ಇದೆ. ಮೊದಲ ಅಕ್ಷರ ಎಲ್ ಇದ್ದರೆ ಅಲ್ಕಲೈನ್, ಎಸ್ ಇದ್ದರೆ ಸಿಲ್ವರ್ ಆಕ್ಸೈಡ್, ಪಿ ಇದ್ದರೆ ಜಿಂಕ್-ಏರ್, ಎಂ ಇದ್ದರೆ ಪಾದರಸ. ಆದ್ದರಿಂದ ಎಲ್‌ಆರ್44 ಮತ್ತು ಎಸ್‌ಆರ್44 ನೋಡಲು ಅವಳಿಗಳಾದರೂ ಗುಣದಲ್ಲಿ ಬೇರೆ. ಅಲ್ಕಲೈನ್ ಸೆಲ್ 1.5 ವೋಲ್ಟ್‌ಗಿಂತ ತುಸು ಮೇಲಿಂದ ಹೊರಟು ಬಳಕೆಯುದ್ದಕ್ಕೂ ಇಳಿಯುತ್ತಲೇ ಹೋಗುತ್ತದೆ. ಅದರಲ್ಲಿ ಅಳತೆ ಮಾಡುವುದೆಂದರೆ ದಿನಕ್ಕೊಂದು ಉದ್ದದ ಮೊಳ ಹಿಡಿದು ಬಟ್ಟೆ ಅಳೆದಂತೆ. ಸಿಲ್ವರ್ ಆಕ್ಸೈಡ್ 1.55 ವೋಲ್ಟ್‌ನಲ್ಲಿ ಬಹುಕಾಲ ನಿಲ್ಲುತ್ತದೆ. ಜಿಂಕ್-ಏರ್ 1.4 ವೋಲ್ಟ್‌ನ ಆಸುಪಾಸಿನಲ್ಲಿ ಸ್ಥಿರ. ಪಿಎಕ್ಸ್625ರ ಬದಲಿಗೆಂದು ಅದೇ ಆಕಾರದಲ್ಲಿ ಸಿಗುವ 625ಎ ಅಲ್ಕಲೈನ್ ಕೋಣೆಯೊಳಗೆ ಸರಿಯಾಗಿ ಕೂರುತ್ತದೆ, ಹಾಗಾಗಿ ಎಲ್ಲರೂ ಅದನ್ನೇ ಹಾಕುತ್ತಾರೆ. ನಾನು ನೋಡಿದ ತೆಳು ನೆಗೆಟಿವ್‌ಗಳ ದೊಡ್ಡ ಪಾಲು ಆ ಒಂದು ಸೆಲ್ಲಿನ ಕೊಡುಗೆ.

ಮುಳ್ಳು ಅಲುಗಾಡುವುದೇ ಇಲ್ಲ

ಸೆಲ್ಲನ್ನು ಹೊರಗೆ ತೆಗೆದು ಅದರ ವೋಲ್ಟೇಜ್ ನೋಡಿ. ಅದು ಸರಿಯಿದ್ದರೆ ಪ್ಲಸ್-ಮೈನಸ್ ಯಾವ ಕಡೆಗೆ ಎಂದು ಕೋಣೆಯೊಳಗಿನ ಗುರುತನ್ನು ನೋಡಿ; ಎಲ್ಲ ಕ್ಯಾಮೆರಾಗಳಲ್ಲೂ ಪ್ಲಸ್ ಮುಚ್ಚಳದ ಕಡೆಗೇ ಇರುತ್ತದೆ ಎಂದುಕೊಳ್ಳಬೇಡಿ.

ಅದೂ ಸರಿಯಿದ್ದರೆ ಗಾತ್ರದ ಕಡೆ ಬನ್ನಿ. ಪಿಎಕ್ಸ್625ರ ವ್ಯಾಸ ಸುಮಾರು 16 ಮಿಲಿಮೀಟರ್, ಎಸ್‌ಆರ್44 ಮತ್ತು 675ರದು 11.6. ಸುತ್ತ ಎರಡು ಮಿಲಿಮೀಟರ್ ಸಂದು ಉಳಿಯುತ್ತದೆ, ಎತ್ತರದಲ್ಲೂ ಮುಕ್ಕಾಲು ಮಿಲಿಮೀಟರಿನಷ್ಟು ಕಡಿಮೆ. ಕೆಲವು ಕ್ಯಾಮೆರಾಗಳು ಪ್ಲಸ್ ಸಂಪರ್ಕವನ್ನು ಸೆಲ್ಲಿನ ಪಕ್ಕದಿಂದ ಪಡೆಯುತ್ತವೆ. ಅಲ್ಲಿ ರಬ್ಬರ್ ಉಂಗುರ ಹಾಕಿ ಸೆಲ್ಲನ್ನು ನಡುವೆ ಕೂರಿಸಿದರೆ ಚೆನ್ನಾಗಿ ಕೂರುತ್ತದೆ, ಆದರೆ ವಿದ್ಯುತ್ ಹರಿಯುವುದಿಲ್ಲ. ಹಿತ್ತಾಳೆಯ ಅಥವಾ ತಾಮ್ರದ ಉಂಗುರ ಬೇಕು. ಅಲ್ಯೂಮಿನಿಯಂ ಹಾಳೆಯನ್ನು ಸುತ್ತಿ ತುರುಕುವುದು ತಾತ್ಕಾಲಿಕ ಪರೀಕ್ಷೆಗೆ ಸರಿ, ಉಳಿಸಿಕೊಳ್ಳಲು ಅಲ್ಲ. ಅದು ಸವೆದು ಚೂರಾಗಿ ಮೈನಸ್ ಕಡೆಗೆ ಜಾರಿದರೆ ಸೆಲ್ ಶಾರ್ಟ್ ಆಗಿ ಬಿಸಿಯಾಗುತ್ತದೆ.

ಇನ್ನು ಕಿಲುಬು. ಹಿಂದೊಮ್ಮೆ ಸೋರಿದ ಸೆಲ್ಲಿನ ಕ್ಷಾರ ಸಂಪರ್ಕದ ತಗಡಿನ ಮೇಲೆ ಬಿಳಿ ಅಥವಾ ಹಸಿರು ಮಿಶ್ರಿತ ನೀಲಿ ಪುಡಿಯಾಗಿ ಕುಳಿತಿರುತ್ತದೆ. ಹತ್ತಿಯ ಕಡ್ಡಿಗೆ ಒಂದು ಹನಿ ವಿನೆಗರ್ ಹಚ್ಚಿ ಒರೆಸಿ, ನೊರೆ ನಿಂತ ಮೇಲೆ ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಶುಚಿಮಾಡಿ, ಒಣಗಿದ ಬಳಿಕ ರಬ್ಬರಿನಿಂದ ಉಜ್ಜಿ ಹೊಳಪು ತನ್ನಿ. ಮುಚ್ಚಳದ ಎಳೆಗಳನ್ನು ಮರೆಯಬೇಡಿ. ಅನೇಕ ಕ್ಯಾಮೆರಾಗಳಲ್ಲಿ ಆ ಎಳೆಗಳ ಮೂಲಕವೇ ವಿದ್ಯುತ್ ಕ್ಯಾಮೆರಾದ ಮೈಗೆ ಹೋಗುವುದು, ಮತ್ತು ಎಲ್ಲರೂ ಕೋಣೆಯ ತಳವನ್ನು ಉಜ್ಜಿ ಎಳೆಗಳನ್ನು ಹಾಗೆಯೇ ಬಿಡುತ್ತಾರೆ.

ಸಂಪರ್ಕ ಫಳಫಳ ಎಂದರೂ ಮುಳ್ಳು ಏಳದಿದ್ದರೆ ತಳದ ತಗಡನ್ನು ತೆಗೆದು ಕೋಣೆಯ ಹಿಂದಿನ ತಂತಿಯನ್ನು ನೋಡಬೇಕು. ಕ್ಷಾರದ ಆವಿ ತಂತಿಯ ಹೊದಿಕೆಯೊಳಗೇ ಏರಿ ತಾಮ್ರವನ್ನು ತಿಂದಿರುತ್ತದೆ. ಹೊರಗಿನಿಂದ ಗಟ್ಟಿ ಕಾಣುವ ತಂತಿ ಎಳೆದರೆ ಕಪ್ಪು ಪುಡಿಯಾಗಿ ಕೈಗೆ ಬರುತ್ತದೆ. ಹೊಸ ತಂತಿ ಬೆಸೆದರೆ ಕೆಲಸ ಮುಗಿಯಿತು.

ಒಂದು ಎಚ್ಚರಿಕೆ. ಮುಳ್ಳಿನ ಸುರುಳಿ ಮೈಕ್ರೊಆಂಪಿಯರ್‌ಗಳಿಗೆ ಸ್ಪಂದಿಸುವ ನಾಜೂಕು ವಸ್ತು. ಅದರ ಎರಡು ತುದಿಗೆ ಮಲ್ಟಿಮೀಟರನ್ನು ಓಮ್ ಅಳತೆಯಲ್ಲಿಟ್ಟು ಚುಚ್ಚಬೇಡಿ. ಆ ಪ್ರವಾಹಕ್ಕೆ ಮುಳ್ಳು ಬಡಿದು ಬಾಗಬಹುದು. ಸುರುಳಿ ಬದುಕಿದೆಯೇ ಎಂದು ನೋಡಲು ಅದರ ತಂತಿಯನ್ನು ಮಂಡಲದಿಂದ ಬಿಡಿಸಿ, 1.5 ವೋಲ್ಟ್‌ನ ಸೆಲ್ಲಿಗೆ 100 ಕಿಲೋ ಓಮ್ ರೆಸಿಸ್ಟರನ್ನು ಸರಣಿಯಲ್ಲಿ ಸೇರಿಸಿ ತಾಗಿಸಿ. ಹರಿಯುವುದು ಸುಮಾರು 15 ಮೈಕ್ರೊಆಂಪಿಯರ್. ಮುಳ್ಳು ಸ್ವಲ್ಪವಾದರೂ ಕದಲಿದರೆ ಸುರುಳಿ ಜೀವಂತ.

ಮುಳ್ಳು ಕುಣಿಯುತ್ತದೆ

ಬೆಳಕು ಬದಲಾಗದೆ ಮುಳ್ಳು ನಡುಗಿದರೆ ಬ್ಯಾಟರಿಯ ಜಾತಿಗೂ ಅದಕ್ಕೂ ಸಂಬಂಧವಿಲ್ಲ. ಮುಚ್ಚಳವನ್ನು ಬೆರಳಿನಿಂದ ಒತ್ತಿ ನೋಡಿ. ಒತ್ತಿದಾಗ ನಡುಕ ನಿಂತರೆ ಸಂಪರ್ಕ ಸಡಿಲ. ಅಪರ್ಚರ್ ಉಂಗುರವನ್ನೋ ಫಿಲ್ಮ್ ವೇಗದ ಚಕ್ರವನ್ನೋ ತಿರುಗಿಸುವಾಗ ಮಾತ್ರ ಹಾರಿದರೆ ಒಳಗಿನ ರೋಧದ ಪಟ್ಟಿ ಸವೆದಿದೆ ಅಥವಾ ಕೊಳೆಯಾಗಿದೆ. ನಿಕ್ಕಾರ್ಮ್ಯಾಟ್‌ಗಳಲ್ಲಿ ಇದು ಪ್ರಸಿದ್ಧ ಕಾಯಿಲೆ. ಚಕ್ರವನ್ನು ಕೊನೆಯಿಂದ ಕೊನೆಗೆ ನಲವತ್ತೈವತ್ತು ಸಲ ತಿರುಗಿಸಿದರೆ ಕೊಳೆಯಿದ್ದಲ್ಲಿ ಕಡಿಮೆಯಾಗುತ್ತದೆ, ಸವೆದಿದ್ದರೆ ಆಗುವುದಿಲ್ಲ.

ಮುಳ್ಳು ಸ್ಥಿರ, ಅಳತೆ ತಪ್ಪು

ನಿಜವಾದ ಕೆಲಸ ಇಲ್ಲಿಂದ. ಒಂದೇ ಬಣ್ಣದ, ಮಾದರಿಯಿಲ್ಲದ ಗೋಡೆಯನ್ನು ಆರಿಸಿಕೊಂಡು ಮೂರು ಬೆಳಕಿನಲ್ಲಿ ಅಳೆಯಿರಿ: ನೇರ ಬಿಸಿಲಿನಲ್ಲಿ, ತೆರೆದ ನೆರಳಿನಲ್ಲಿ, ಕಿಟಕಿಯಿಂದ ದೂರದ ಕೋಣೆಯ ಮಂದ ಬೆಳಕಿನಲ್ಲಿ. ಪ್ರತಿ ಸಲವೂ ಗೋಡೆ ಎರಡೂ ಕ್ಯಾಮೆರಾಗಳ ಚೌಕಟ್ಟನ್ನು ತುಂಬಿರಲಿ, ಫಿಲ್ಮ್ ವೇಗ ಒಂದೇ ಇರಲಿ. ಹಳೆಯದು ಹೇಳಿದ ಅಪರ್ಚರ್-ಶಟರ್ ಜೋಡಿಯನ್ನೂ ಹೊಸದು ಹೇಳಿದ್ದನ್ನೂ ಬರೆದುಕೊಳ್ಳಿ. ಹಳದಿ ಬಲ್ಬಿನ ಕೆಳಗೆ ಈ ಪರೀಕ್ಷೆ ಬೇಡ. ಕ್ಯಾಡ್ಮಿಯಂ ಸಲ್ಫೈಡಿಗೂ ಸಿಲಿಕಾನಿಗೂ ಬಣ್ಣಗಳ ಮೇಲಿನ ಒಲವು ಬೇರೆ. ಇನ್ನೊಂದು, ಈ ಕಣ್ಣಿಗೆ ನೆನಪಿದೆ. ಬಿಸಿಲಿನಿಂದ ಒಳಗೆ ಬಂದ ಕೂಡಲೇ ಅಳೆದರೆ ಅದು ಇನ್ನೂ ಬಿಸಿಲಿನ ಗುಂಗಿನಲ್ಲಿರುತ್ತದೆ. ಮಂದ ಬೆಳಕಿಗೆ ಎರಡು ಮೂರು ನಿಮಿಷ ಒಗ್ಗಲು ಬಿಡಿ.

ಬರೆದುಕೊಂಡ ಮೂರು ಸಂಖ್ಯೆಗಳನ್ನು ಓದುವ ಮೊದಲು ಮಂಡಲದ ಗುಟ್ಟು ತಿಳಿದಿರಬೇಕು. ಸರಳ ಮೀಟರಿನಲ್ಲಿ ಸೆಲ್, ಬೆಳಕಿನ ಕಣ್ಣು, ಒಂದಿಷ್ಟು ಸ್ಥಿರ ರೋಧ ಮತ್ತು ಮುಳ್ಳಿನ ಸುರುಳಿ ಒಂದೇ ಸಾಲಿನಲ್ಲಿವೆ. ಬೆಳಕು ಹೆಚ್ಚಿದಂತೆ ಕಣ್ಣಿನ ರೋಧ ಇಳಿಯುತ್ತದೆ, ಪ್ರವಾಹ ಏರುತ್ತದೆ. 1.35ರ ಬದಲು 1.55 ವೋಲ್ಟ್ ಕೊಟ್ಟರೆ ಪ್ರವಾಹ ಎಲ್ಲ ಬೆಳಕಿನಲ್ಲೂ ಸುಮಾರು ಶೇಕಡಾ 15 ಹೆಚ್ಚುತ್ತದೆ. ಹಾಗೆಂದು ತಪ್ಪು ಎಲ್ಲ ಬೆಳಕಿನಲ್ಲೂ ಒಂದೇ ಆಗುವುದಿಲ್ಲ. ಮಂದ ಬೆಳಕಿನಲ್ಲಿ ಸಾಲಿನ ರೋಧವೆಲ್ಲ ಹೆಚ್ಚುಕಡಿಮೆ ಕಣ್ಣಿನದೇ. ಅಲ್ಲಿ ಶೇಕಡಾ 15 ಎಂದರೆ ಸುಮಾರು 0.3 ಸ್ಟಾಪ್ (ಒಂದು ಸ್ಟಾಪ್ ಎಂದರೆ ಬೆಳಕು ಎರಡು ಪಟ್ಟು ಅಥವಾ ಅರ್ಧ), ಯಾರಿಗೂ ಗೊತ್ತಾಗುವುದಿಲ್ಲ. ಬೆಳಕು ಏರಿ ಕಣ್ಣಿನ ಪಾಲು ಅರ್ಧಕ್ಕಿಳಿದಾಗ ಅದೇ ಶೇಕಡಾ 15 ಸುಮಾರು 0.6 ಸ್ಟಾಪ್ ಆಗುತ್ತದೆ. ಬಿಸಿಲಿನಲ್ಲಿ ಕಣ್ಣಿನ ಪಾಲು ಕಾಲುಭಾಗಕ್ಕೆ ಬಂದರೆ ಒಂದೂವರೆ ಸ್ಟಾಪ್. ಇದು ಕಣ್ಣಿನ ಸ್ಪಂದನದ ಘಾತವನ್ನು, ಅಂದರೆ ಬೆಳಕು ಏರಿದಂತೆ ಅದರ ರೋಧ ಎಷ್ಟು ಬೇಗ ಇಳಿಯುತ್ತದೆ ಎಂಬ ಅಂಕಿಯನ್ನು, 0.7 ಎಂದಿಟ್ಟುಕೊಂಡು ಮಾಡಿದ ಲೆಕ್ಕ. ನಿಮ್ಮ ಕ್ಯಾಮೆರಾದಲ್ಲಿ ಅಂಕಿಗಳು ಬೇರೆಯಾಗಬಹುದು, ಏರುವ ಕ್ರಮ ಬೇರೆಯಾಗುವುದಿಲ್ಲ.

ಈಗ ನಿಮ್ಮ ಚೀಟಿ ನೋಡಿ.

ಬಿಸಿಲಿನಲ್ಲಿ ಹೆಚ್ಚು, ನೆರಳಿನಲ್ಲಿ ಕಡಿಮೆ, ಮಂದ ಬೆಳಕಿನಲ್ಲಿ ನಗಣ್ಯ, ಮತ್ತು ಮೀಟರ್ ಇರುವುದಕ್ಕಿಂತ ಹೆಚ್ಚು ಬೆಳಕಿದೆ ಎನ್ನುತ್ತಿದ್ದರೆ ಅದು ವೋಲ್ಟೇಜಿನ ದೋಷ. ಮೊದಲಿಗೆ ಹೇಳಿದ ತೆಳು ನೆಗೆಟಿವ್‌ಗಳ ಕಥೆ ಇದೇ: ಅದರ ಮಾತು ನಂಬಿದರೆ ಫಿಲ್ಮಿಗೆ ಬೀಳುವ ಬೆಳಕು ಸಾಲದು. ದುರದೃಷ್ಟವೆಂದರೆ ಇದು ಫಿಲ್ಮ್ ಕ್ಷಮಿಸದ ದಿಕ್ಕು; ನೆಗೆಟಿವ್ ಫಿಲ್ಮ್ ಬೆಳಕು ಹೆಚ್ಚಾದರೆ ಸಹಿಸುತ್ತದೆ, ಕಡಿಮೆಯಾದರೆ ನೆರಳನ್ನು ನುಂಗಿಬಿಡುತ್ತದೆ.

ಬಿಸಿಲಿನಲ್ಲೇ ತಪ್ಪು ಹೆಚ್ಚು, ಆದರೆ ದಿಕ್ಕು ತಿರುಗುಮುರುಗು, ಅಂದರೆ ಮೀಟರ್ ಬೆಳಕು ಕಡಿಮೆ ಇದೆ ಎನ್ನುತ್ತಿದೆ. ಎರಡು ಅನುಮಾನಗಳು. ಒಂದು, ಸಂಪರ್ಕದಲ್ಲಿ ಉಳಿದ ಕಿಲುಬು ಸಾಲಿಗೆ ಹೆಚ್ಚಿನ ರೋಧ ಸೇರಿಸಿದೆ. ಸಾಲಿನ ಒಟ್ಟು ರೋಧ ಚಿಕ್ಕದಾಗುವ ಬಿಸಿಲಿನಲ್ಲಿ ಅದು ಎದ್ದು ಕಾಣುತ್ತದೆ. ಎರಡು, ಹಿಂದಿನ ಮಾಲೀಕರು ಯಾರೋ ಮೀಟರನ್ನು 1.5 ವೋಲ್ಟ್‌ಗೆ ಈಗಾಗಲೇ ಹೊಂದಿಸಿದ್ದಾರೆ, ನೀವು ಅದಕ್ಕೆ ಜಿಂಕ್-ಏರ್ ಹಾಕಿದ್ದೀರಿ. ಸಿಲ್ವರ್ ಸೆಲ್ ಹಾಕಿ ನೋಡಿ. ಮೂರೂ ಬೆಳಕಿನಲ್ಲಿ ಸರಿಬಂದರೆ ಆ ಅಜ್ಞಾತ ಪುಣ್ಯಾತ್ಮರಿಗೆ ನಮಸ್ಕಾರ ಹೇಳಿ ಮುಚ್ಚಳ ಹಾಕಿ. ಕಿಲುಬು ಮತ್ತು ಸಿಲ್ವರ್ ಸೆಲ್ ಎರಡೂ ಒಟ್ಟಿಗಿದ್ದರೆ ಒಂದು ಬೆಳಕಿನಲ್ಲಿ ಒಂದನ್ನೊಂದು ರದ್ದು ಮಾಡಿಕೊಂಡು ಎಲ್ಲ ಸರಿಯಿದೆ ಎಂಬ ಭ್ರಮೆ ಹುಟ್ಟಿಸುತ್ತವೆ. ಮೂರು ಬೆಳಕು ಬೇಕೆಂದದ್ದು ಅದಕ್ಕೇ.

ಮೂರರಲ್ಲೂ ಒಂದೇ ಅಳತೆಯ ತಪ್ಪಿದ್ದರೆ ಬ್ಯಾಟರಿಯನ್ನು ಬಿಟ್ಟುಬಿಡಿ. ಫಿಲ್ಮ್ ವೇಗದ ಚಕ್ರ ಜಾರಿರಬಹುದು, ಕಣ್ಣಿನ ಮುಂದಿನ ಗಾಜು ಮಬ್ಬಾಗಿರಬಹುದು, ಅಥವಾ ಲೆನ್ಸಿಗೆ ಹಾಕಿದ ಫಿಲ್ಟರ್ ಕಣ್ಣನ್ನೂ ಮುಚ್ಚುವ ಜಾತಿಯದಿರಬಹುದು. ಬಿಸಿಲಿನಲ್ಲಿ ನೆಟ್ಟಗಿದ್ದು ಮಂದ ಬೆಳಕಿನಲ್ಲಿ ಮಾತ್ರ ದಾರಿ ತಪ್ಪಿದರೆ, ಮುಳ್ಳು ತೂಕಡಿಸುತ್ತ ಏಳುತ್ತಿದ್ದರೆ, ಕಣ್ಣಿಗೇ ವಯಸ್ಸಾಗಿದೆ. ಯಾವ ಅಡಾಪ್ಟರೂ ಆ ವಯಸ್ಸನ್ನು ಇಳಿಸುವುದಿಲ್ಲ.

ಏನೂ ಮಾಡಬೇಕಿಲ್ಲದ ಕ್ಯಾಮೆರಾಗಳು

ವೋಲ್ಟೇಜ್ ದೋಷ ಎಂದು ನಿರ್ಧರಿಸುವ ಮೊದಲು ಒಂದು ಅಡ್ಡ ಪರೀಕ್ಷೆ. ಅದೇ ಬಿಸಿಲು ಗೋಡೆಯನ್ನು ಒಮ್ಮೆ ಸಿಲ್ವರ್ ಸೆಲ್ಲಿನಿಂದ, ಒಮ್ಮೆ ಜಿಂಕ್-ಏರ್‌ನಿಂದ ಅಳೆಯಿರಿ. ಎರಡೂ ಅಳತೆ ಒಂದೇ ಬಂದರೆ ನಿಮ್ಮದು ಸೇತುವೆ ಮಂಡಲದ ಮೀಟರ್. ಅಲ್ಲಿ ಮುಳ್ಳು ನಡುವೆ ನಿಂತಾಗ ಅದರಲ್ಲಿ ಪ್ರವಾಹವೇ ಇರುವುದಿಲ್ಲ. ಎರಡು ಕಡೆಯ ತಕ್ಕಡಿ ಸಮವಾಗುವುದಷ್ಟೇ ಲೆಕ್ಕ, ತೂಗುವ ಕೈಯ ಬಲ ಲೆಕ್ಕಕ್ಕಿಲ್ಲ. 1964ರಲ್ಲಿ ಬಂದ ಪೆಂಟಾಕ್ಸ್ ಸ್ಪಾಟ್‌ಮ್ಯಾಟಿಕ್ ಈ ಬಗೆಯದು. ಇಂಥ ಕ್ಯಾಮೆರಾಗೆ ಬೆಲೆಬಾಳುವ ವೋಲ್ಟೇಜ್ ಅಡಾಪ್ಟರ್ ತಂದು ಹಾಕುವುದು ಮೂಗಿಗಿಂತ ಮೂಗುತಿ ಭಾರ ಮಾಡಿಕೊಂಡಂತೆ. ಯಾಶಿಕಾ ಎಲೆಕ್ಟ್ರೊ 35ರ 5.6 ವೋಲ್ಟ್ ಪಾದರಸದ ಬ್ಯಾಟರಿಯ ಜಾಗಕ್ಕೆ 6 ವೋಲ್ಟ್‌ನ 4ಎಲ್‌ಆರ್44 ಹಾಕಿದರೂ ಕೆಲಸ ನಡೆಯುತ್ತದೆ; ಅಲ್ಲಿ ಬೇಕಾದದ್ದು ಉದ್ದವನ್ನು ತುಂಬಿಸುವ ಒಂದು ಕೊಳವೆ ಮತ್ತು ಸ್ಪ್ರಿಂಗ್ ಮಾತ್ರ.

ಪರಿಹಾರ: ಸುಲಭದಿಂದ ಕಷ್ಟಕ್ಕೆ

ಫಿಲ್ಮ್ ವೇಗದ ಚಕ್ರವನ್ನು ತಿರುಗಿಸಿ ಸರಿದೂಗಿಸಿ ಎಂಬ ಸಲಹೆ ಎಲ್ಲೆಡೆ ಕೇಳಿಬರುತ್ತದೆ. ಐಎಸ್‌ಒ 400 ಫಿಲ್ಮ್ ಹಾಕಿ ಚಕ್ರವನ್ನು 250ಕ್ಕೆ ಇಟ್ಟರೆ ಮೂರನೇ ಎರಡು ಸ್ಟಾಪ್ ಸೇರುತ್ತದೆ. ಮೇಲಿನ ಅಂಕಿಗಳ ಮೇಲೆ ಇದನ್ನು ಹಾಕಿ ನೋಡಿ: ನೆರಳಿನಲ್ಲಿ ಸರಿ, ಬಿಸಿಲಿನಲ್ಲಿ ಇನ್ನೂ ಮುಕ್ಕಾಲು ಸ್ಟಾಪಿಗೂ ಮೀರಿದ ಕೊರತೆ, ಕೋಣೆಯೊಳಗೆ ಅನಗತ್ಯ ಹೆಚ್ಚಳ. ತಪ್ಪು ಬೆಳಕಿನೊಂದಿಗೆ ಬದಲಾಗುವಾಗ ಚಕ್ರದ ತಿದ್ದುಪಡಿ ಒಂದೇ ಕಡೆ ಕೂರುತ್ತದೆ. ನೆಗೆಟಿವ್ ಫಿಲ್ಮಿನಲ್ಲಿ, ಒಂದೇ ಬಗೆಯ ಬೆಳಕಿನಲ್ಲಿ ಕೆಲಸ ಮಾಡುವವರಿಗೆ ಸಾಕು. ನೆಗೆಟಿವ್ ಬದಲು ನೇರ ಚಿತ್ರವೇ ಮೂಡುವ ಸ್ಲೈಡ್ ಫಿಲ್ಮಿಗೆ ಸಾಲದು.

ಜಿಂಕ್-ಏರ್ 675 ಎಲ್ಲಕ್ಕಿಂತ ಅಗ್ಗದ ಪ್ರಾಮಾಣಿಕ ಪರಿಹಾರ. 0.05 ವೋಲ್ಟ್ ಹೆಚ್ಚಿಗೆ ಬರುವ ತಪ್ಪು ಬಿಸಿಲಿನಲ್ಲೂ ಮೂರನೇ ಒಂದು ಸ್ಟಾಪ್ ದಾಟುವುದಿಲ್ಲ. ಪ್ಲಸ್ ಮುಖದಲ್ಲಿರುವ ಸಣ್ಣ ರಂಧ್ರಗಳಿಂದ ಗಾಳಿ ಕುಡಿದು ಕೆಲಸ ಮಾಡುವ ಸೆಲ್ ಇದು. ಮೇಲಿನ ಅಂಟುಪಟ್ಟಿ ಕಿತ್ತು ಕೆಲವು ನಿಮಿಷ ತೆರೆದಿಟ್ಟು ಆಮೇಲೆ ಹಾಕಿ. ಕಿತ್ತ ಕೂಡಲೇ ಹಾಕಿ ‘ಸೆಲ್ ಸತ್ತಿದೆ’ ಎನ್ನುವವರು ಬಹಳ. ಹಾಕಿ ಎರಡು ದಿನದಲ್ಲಿ ಮಂಕಾದರೆ ರಂಧ್ರಗಳು ಉಂಗುರದಿಂದಲೋ ಗಾಳಿಯಾಡದ ಮುಚ್ಚಳದಿಂದಲೋ ಮುಚ್ಚಿಹೋಗಿವೆ. ಎಲ್ಲ ಸರಿಯಿದ್ದರೂ ಪಟ್ಟಿ ಕಿತ್ತ ಮೇಲೆ ಅದರ ಆಯುಸ್ಸು ಕೆಲವು ವಾರಗಳು, ಹೆಚ್ಚೆಂದರೆ ಒಂದೆರಡು ತಿಂಗಳು. ಬಳಸಿದರೂ ಅಷ್ಟೇ, ಬಳಸದಿದ್ದರೂ ಅಷ್ಟೇ. ಇದನ್ನು ದೋಷ ಎಂದು ಹುಡುಕುತ್ತ ಕೂರಬೇಡಿ.

ವರ್ಷಗಟ್ಟಲೆ ಮರೆತುಬಿಡಬೇಕು ಎನ್ನುವವರಿಗೆ ಸಿಲ್ವರ್ ಸೆಲ್ ಮತ್ತು ಒಂದು ಡಯೋಡ್, ಅಂದರೆ ಪ್ರವಾಹವನ್ನು ಒಂದೇ ದಿಕ್ಕಿಗೆ ಬಿಡುವ ಪುಟ್ಟ ಬಿಡಿಭಾಗ. ಷಾಟ್ಕಿ ಡಯೋಡಿನ ಮೂಲಕ ಪ್ರವಾಹ ಹರಿದಾಗ ಸುಮಾರು 0.2 ವೋಲ್ಟ್ ಅದರಲ್ಲೇ ಕಳೆದುಹೋಗುತ್ತದೆ, 1.55ರಲ್ಲಿ ಅದನ್ನು ಕಳೆದರೆ 1.35. ಮಾರಾಟಕ್ಕಿರುವ ವೋಲ್ಟೇಜ್ ಇಳಿಸುವ ಅಡಾಪ್ಟರುಗಳಲ್ಲಿ ಅನೇಕವು ಒಳಗೆ ಹೀಗೆಯೇ ಇವೆ. ಬಿಎಟಿ43 ಎಂಬ ಡಯೋಡ್ ಇದಕ್ಕೆ ಚೆನ್ನಾಗಿ ಒಗ್ಗುತ್ತದೆ. ಕ್ಯಾಮೆರಾದ ತಳದಲ್ಲಿ ಮೈನಸ್ ತಂತಿಯನ್ನು ಕತ್ತರಿಸಿ ನಡುವೆ ಬೆಸೆಯುವುದಾದರೆ ಡಯೋಡಿನ ಮೈಮೇಲಿನ ಪಟ್ಟಿ ಸೆಲ್ಲಿನ ಮೈನಸ್ ಕಡೆಗಿರಲಿ. ಪ್ಲಸ್ ತಂತಿಯಲ್ಲಿ ಹಾಕಿದರೆ ಪಟ್ಟಿ ಸೆಲ್ಲಿನಿಂದ ಆಚೆಗೆ. ತಿರುಗುಮುರುಗಾದರೆ ಏನೂ ಸುಡುವುದಿಲ್ಲ, ಮುಳ್ಳು ಏಳುವುದಿಲ್ಲ ಅಷ್ಟೇ.

ನಾನು ಮೂರ್ಖನಾದದ್ದು ಇಲ್ಲೇ. ಮೊದಲ ಸಲ ಡಯೋಡ್ ಬೆಸೆದು, ಹೆಮ್ಮೆಯಿಂದ ಅದರ ಆಚೆಗೆ ಮಲ್ಟಿಮೀಟರ್ ಇಟ್ಟರೆ 1.52 ವೋಲ್ಟ್! ಡಯೋಡ್ ಹಾಳು ಎಂದುಕೊಂಡು ಇನ್ನೊಂದು ಹಾಕಿದೆ, ಮತ್ತೆ 1.52. ಮೂರನೆಯದನ್ನು ಬೆಸೆಯುವ ಹೊತ್ತಿಗೆ ಬುದ್ಧಿ ಬಂತು. ಡಯೋಡ್ ವೋಲ್ಟೇಜ್ ಕಳೆಯುವುದು ಪ್ರವಾಹ ಹರಿದಾಗ ಮಾತ್ರ. ಮಲ್ಟಿಮೀಟರಿನ ಒಳರೋಧ 10 ಮೆಗಾ ಓಮ್, ಅದು ಎಳೆಯುವ ಪ್ರವಾಹ ಮೈಕ್ರೊಆಂಪಿಯರಿನ ಆರನೇ ಒಂದು ಭಾಗ. ಕುಣಿಯಲಾರದವಳು ನೆಲ ಡೊಂಕೆಂದಂತೆ ನಾನು ಡಯೋಡನ್ನು ದೂರಿದ್ದೆ. 12 ಕಿಲೋ ಓಮ್ ರೆಸಿಸ್ಟರನ್ನು ಹೊರೆಯಾಗಿ ಕೊಟ್ಟು ಅದರ ಎರಡು ತುದಿಗಳ ನಡುವೆ ಅಳೆಯಿರಿ. ಆಗ 100 ಮೈಕ್ರೊಆಂಪಿಯರಿಗಿಂತ ತುಸು ಹೆಚ್ಚು ಹರಿದು 1.35ರ ಆಸುಪಾಸಿನ ಅಂಕಿ ಕಾಣುತ್ತದೆ. ಕೊಂಡ ಅಡಾಪ್ಟರನ್ನು ಪರೀಕ್ಷಿಸುವುದೂ ಹೀಗೆಯೇ. ಬರಿಗೈಯಲ್ಲಿ ಅಳೆದು ಅಂಗಡಿಯವರೊಂದಿಗೆ ಜಗಳಕ್ಕೆ ಹೋಗಬೇಡಿ.

ಪ್ರವಾಹ ಹತ್ತು ಪಟ್ಟು ಇಳಿದಾಗಲೆಲ್ಲ ಡಯೋಡ್ ಕಳೆಯುವ ವೋಲ್ಟೇಜ್ ಸುಮಾರು 60 ಮಿಲಿವೋಲ್ಟ್ ಇಳಿಯುತ್ತದೆ. ಹಾಗಾದರೆ ಮಂದ ಬೆಳಕಿನಲ್ಲಿ ಮೀಟರಿಗೆ 1.45ರಷ್ಟು ಸಿಗುತ್ತದೆಯಲ್ಲ ಎಂದು ಕೇಳುವವರು ಸರಿಯಾಗಿಯೇ ಕೇಳುತ್ತಾರೆ. ಆದರೆ ವೋಲ್ಟೇಜಿನ ತಪ್ಪು ಮೀಟರಿಗೆ ತಾಗದ ಜಾಗ ಅದೇ, 0.1 ವೋಲ್ಟ್ ಅಲ್ಲಿ 0.15 ಸ್ಟಾಪ್ ಮಾತ್ರ. ಡಯೋಡ್ ಸೋಮಾರಿಯಾಗುವ ಕಡೆ ಕೆಲಸವೇ ಇಲ್ಲ, ಕೆಲಸವಿರುವ ಕಡೆ ಅದು ಎಚ್ಚರವಾಗಿರುತ್ತದೆ. ಇಂಥ ಹೊಂದಾಣಿಕೆ ವಿದ್ಯುನ್ಮಾನದಲ್ಲಿ ಬಿಟ್ಟಿಯಾಗಿ ಸಿಗುವುದು ಅಪರೂಪ.

ಡಯೋಡಿನ ಬದಲು ಸಾಲಿಗೊಂದು ರೆಸಿಸ್ಟರ್ ಸೇರಿಸಿದರಾಗದೇ? ಆಗದು. ಅದು ಬಿಸಿಲಿನಲ್ಲಿ ಸರಿಪಡಿಸಿದರೆ ಮಂದ ಬೆಳಕಿನಲ್ಲಿ ಇದ್ದೂ ಇಲ್ಲದಂತೆ. ಜೊತೆಗೆ ಅಳತೆಯ ಹರವನ್ನೂ ಕುಗ್ಗಿಸುತ್ತದೆ. ಬಿಚ್ಚುವ ಧೈರ್ಯವಿದ್ದವರಿಗೆ ಬೇರೊಂದು ದಾರಿ ಇದೆ: ರೆಸಿಸ್ಟರನ್ನು ಸಾಲಿನಲ್ಲಲ್ಲ, ಮುಳ್ಳಿನ ಸುರುಳಿಗೆ ಸಮಾಂತರವಾಗಿ ಹಾಕುವುದು. ಬರುವ ಪ್ರವಾಹದ ಶೇಕಡಾ 13ರಷ್ಟನ್ನು ಅದು ಪಕ್ಕಕ್ಕೆ ತಿರುಗಿಸಿದರೆ ಎಲ್ಲ ಬೆಳಕಿನಲ್ಲೂ ಮುಳ್ಳಿಗೆ ಹಳೆಯ ಪಾಲೇ ಸಿಗುತ್ತದೆ. ಅದರ ಬೆಲೆ ಸುರುಳಿಯ ರೋಧದ ಸುಮಾರು 6.75 ಪಟ್ಟು, ಸುರುಳಿ 1 ಕಿಲೋ ಓಮ್ ಇದ್ದರೆ 6.8 ಕಿಲೋ ಓಮ್ ಹಾಕಬಹುದು. ಸುರುಳಿಯ ರೋಧ ಇಡೀ ಸಾಲಿನ ಸಣ್ಣ ಪಾಲಾಗಿರುವ ಮೀಟರಿನಲ್ಲಿ ಇದು ಡಯೋಡಿಗಿಂತ ನೇರವಾದ ಪರಿಹಾರ, ಸಿಲ್ವರ್ ಸೆಲ್ಲನ್ನೇ ಮುಂದೆಯೂ ಹಾಕುವುದಾದರೆ. ನಾಳೆ ಕ್ಯಾಮೆರಾ ಬೇರೆಯವರ ಕೈಗೆ ಹೋದರೆ ಅವರಿಗೆ ತಿಳಿಯಲಿ, ಬ್ಯಾಟರಿ ಮುಚ್ಚಳದ ಒಳಗೆ ‘1.55’ ಎಂದು ಬರೆದ ಚೂರು ಅಂಟಿಸಿ.

ಸೆಲ್ ಬೇಗ ಮುಗಿಯುತ್ತದೆ

ಸಿಲ್ವರ್ ಸೆಲ್ ತಿಂಗಳೊಳಗೆ ಮುಗಿದರೆ ಮೊದಲು ಅದು ಎಸ್‌ಆರ್ ಹೌದೋ ಎಲ್‌ಆರ್ ಹೌದೋ ನೋಡಿ. ಆಮೇಲೆ ಸ್ವಿಚ್. ಎಸ್‌ಆರ್‌ಟಿಯ ತಳದಲ್ಲಿ ಸ್ವಿಚ್ ಇದೆ, ನಿಕ್ಕಾರ್ಮ್ಯಾಟ್‌ನಲ್ಲಿ ಫಿಲ್ಮ್ ಎಳೆಯುವ ಸನ್ನೆಯೇ ಸ್ವಿಚ್, ರೋಲೈ 35ರಲ್ಲಿ ಸ್ವಿಚ್ಚೇ ಇಲ್ಲ. ಕೊನೆಯದರಲ್ಲಿ ಕತ್ತಲೆಯೇ ಸ್ವಿಚ್: ಕಣ್ಣಿಗೆ ಬೆಳಕು ಬೀಳದಿದ್ದರೆ ರೋಧ ಏರಿ ಪ್ರವಾಹ ಬಹುತೇಕ ನಿಲ್ಲುತ್ತದೆ. ಅದನ್ನು ಚೀಲದಿಂದ ತೆಗೆದು ಚಂದಕ್ಕೆಂದು ಗಾಜಿನ ಕಪಾಟಿನಲ್ಲಿಟ್ಟರೆ ಸೆಲ್ ಹಗಲೆಲ್ಲ ದುಡಿಯುತ್ತದೆ.

ಎಲ್ಲ ಸರಿಯಾದ ಮೇಲೆ ಹುಟ್ಟುವ ದೋಷ

ಮೂರೂ ಬೆಳಕಿನಲ್ಲಿ ಮೀಟರ್ ಹೊಸ ಕ್ಯಾಮೆರಾದೊಂದಿಗೆ ಹೊಂದಿಕೆಯಾಯಿತು. ಸಂತೋಷದಿಂದ ಸ್ಲೈಡ್ ಫಿಲ್ಮ್ ಹಾಕಿದಿರಿ, ಬಿಸಿಲಿನ ಚಿತ್ರಗಳೆಲ್ಲ ಈಗ ಬಿಳಿಚಿಕೊಂಡು ಬಂದವು. ದುರಸ್ತಿಯನ್ನು ಬಿಚ್ಚಬೇಡಿ. ಐವತ್ತು ವರ್ಷದ ಶಟರಿನ ಎಣ್ಣೆ ಒಣಗಿ 1/500 ಎಂದು ಬರೆದಿರುವ ವೇಗ ನಿಜದಲ್ಲಿ 1/300ರ ಸುತ್ತ ಓಡುತ್ತಿರಬಹುದು. ಇಷ್ಟು ದಿನ ಮೀಟರ್ ಕಡಿಮೆ ಕೊಡುತ್ತಿತ್ತು, ಶಟರ್ ಹೆಚ್ಚು ಕೊಡುತ್ತಿತ್ತು. ಇಬ್ಬರ ಲೆಕ್ಕ ಒಳಗೊಳಗೇ ಚುಕ್ತಾ ಆಗುತ್ತಿತ್ತು. ಈಗ ಒಬ್ಬನು ನೇರ ನಡೆಯಲು ಕಲಿತಿದ್ದಾನೆ. ಅದೇ ಗೋಡೆಯ ಮೇಲೆ, ಒಂದೇ ಎಕ್ಸ್‌ಪೋಶರ್ ಬರುವಂತೆ 1/60ರಿಂದ 1/500ರವರೆಗೆ ಒಂದೊಂದು ಚಿತ್ರ ತೆಗೆಯಿರಿ. ವೇಗ ಏರಿದಂತೆ ಚಿತ್ರ ತಿಳಿಯಾಗುತ್ತ ಹೋದರೆ ಮುಂದಿನ ಕೆಲಸ ಶಟರಿನದು, ಅದಕ್ಕೆ ಬೇರೆ ಸ್ಕ್ರೂಡ್ರೈವರ್ ಬೇಕು.